ಗುದ್ದಲಿ ಪೂಜೆ ಇಲ್ಲದ ಕೆಲಸ

2024ರ ಆಗಸ್ಟ್ 7ರ ನಸುಕಿಗೆ ಮುಂಚೆ, ರಾತ್ರಿ ಸುಮಾರು ಒಂದು ಗಂಟೆಗೆ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅದರ ಮೇಲಿದ್ದ ಲಾರಿಯೊಂದು ಸೇತುವೆಯ ಜೊತೆಗೇ ನೀರಿಗೆ ಬಿತ್ತು. ಲಾರಿಯ ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಸೇರಿ ಬದುಕಿಸಿದರು. ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಈ ಸೇತುವೆ 1983ರಲ್ಲಿ ಸಂಚಾರಕ್ಕೆ ತೆರೆದದ್ದು; ಬಿದ್ದಾಗ ಅದರ ವಯಸ್ಸು 41. ಚತುಷ್ಪಥ ಕಾಮಗಾರಿಯಲ್ಲಿ ಕಟ್ಟಿದ ಹೊಸ ಸೇತುವೆ ಪಕ್ಕದಲ್ಲೇ ಇತ್ತು. ಹಾಗಿದ್ದೂ ಗೋವಾ ಕಡೆಯಿಂದ ಬರುವ ವಾಹನಗಳೆಲ್ಲ ಹಳೆಯದರ ಮೇಲೆಯೇ ಬರುತ್ತಿದ್ದವು. ನಡುರಾತ್ರಿಯ ಬದಲು ಬೆಳಗಿನ ಒಂಬತ್ತು ಗಂಟೆಗೆ ಕುಸಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೆಳಕು ಹರಿಯುವಷ್ಟರಲ್ಲಿ ತೀರ್ಪು ಸಿದ್ಧವಾಗಿತ್ತು. ಬ್ರಿಟಿಷರು ಕಟ್ಟಿದ ಸೇತುವೆ ನೂರು ವರ್ಷವಾದರೂ ಅಲ್ಲಾಡುವುದಿಲ್ಲ, ನಮ್ಮವರು ಕಟ್ಟಿದ್ದು ನಲವತ್ತಕ್ಕೇ ನೆಲಕಚ್ಚುತ್ತದೆ. ಸಿಮೆಂಟಿನಲ್ಲಿ ಅರ್ಧ ಮರಳು, ಬಿಲ್ಲಿನಲ್ಲಿ ನಲವತ್ತು ಪರ್ಸೆಂಟ್ ಕಮಿಷನ್. ಕಂಟ್ರಾಕ್ಟರನನ್ನು ಒಳಗೆ ಹಾಕಿ, ಹಳೆಯವನ್ನೆಲ್ಲ ಕೆಡವಿ, ಹೊಸದು ಕಟ್ಟಿ. ಸೇತುವೆ ಎಲ್ಲಿ ಬಿದ್ದರೂ, ಯಾಕೆ ಬಿದ್ದರೂ ಹೋಟೆಲಿನ ಮೇಜಿನಿಂದ ಹಿಡಿದು ಟಿವಿ ಸ್ಟುಡಿಯೋವರೆಗೆ, ವಾಟ್ಸಾಪ್ ಗುಂಪಿನಿಂದ ಹಿಡಿದು ವಿಧಾನಸಭೆಯವರೆಗೆ ಕೇಳಿಬರುವುದು ಇದೇ ಮಾತು.

ಮಾತಿನಲ್ಲಿ ಖಾರವಿದೆ, ಸಾತ್ವಿಕ ಸಿಟ್ಟೂ ಇದೆ. ಆದರೆ ಸೇತುವೆಗಳನ್ನು ನೋಡಿಕೊಳ್ಳಬೇಕಾಗಿದ್ದು ನೋಡಿಕೊಳ್ಳದವರಿಗೆ ಇದರಷ್ಟು ಹಿತವಾದ ಮಾತು ಇನ್ನೊಂದಿಲ್ಲ. ಕಟ್ಟಿದವನೇ ಕಳ್ಳ ಎಂದಾದ ಮೇಲೆ ಕಟ್ಟಿದ ನಂತರದ ನಲವತ್ತು ವರ್ಷ ಯಾರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೊಸದು ಕಟ್ಟುವುದೇ ಪರಿಹಾರ ಎಂದಾದರೆ ಶಂಕುಸ್ಥಾಪನೆಯ ಕಲ್ಲು ಕೆತ್ತಿಸುವವರಿಗೆ ಇನ್ನೊಂದು ಹಬ್ಬ. ಈ ಜನಪ್ರಿಯ ಅಭಿಪ್ರಾಯವನ್ನು ಅದರದೇ ಉದಾಹರಣೆಗಳ ಮುಂದಿಟ್ಟು ನೋಡಬೇಕಾಗಿದೆ.

ಮೊದಲು ಬ್ರಿಟಿಷರ ಸೇತುವೆಯ ಮಾತು. ಕಾಳಿ ಸೇತುವೆ ಇದ್ದದ್ದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಅದೇ ಹೆದ್ದಾರಿ ಹಿಡಿದು ಗೋವಾ ದಾಟಿ ಉತ್ತರಕ್ಕೆ ಹೋದರೆ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಬಳಿ ಸಾವಿತ್ರಿ ನದಿ ಸಿಗುತ್ತದೆ. ಅಲ್ಲಿದ್ದದ್ದು 1928ರಲ್ಲಿ ಕಟ್ಟಿದ ಕಲ್ಲಿನ ಕಮಾನುಗಳ ಸೇತುವೆ, ಅಪ್ಪಟ ಬ್ರಿಟಿಷರ ಕಾಲದ್ದು. 2016ರ ಆಗಸ್ಟ್ 2ರ ರಾತ್ರಿ, ಭೋರ್ಗರೆಯುವ ನೆರೆಯಲ್ಲಿ ಅದು ಕೊಚ್ಚಿಹೋಯಿತು. ಎರಡು ಸರ್ಕಾರಿ ಬಸ್ಸುಗಳೂ ಬೇರೆ ವಾಹನಗಳೂ ಕತ್ತಲಲ್ಲಿ ಒಂದರ ಹಿಂದೊಂದು ನದಿಗೆ ಬಿದ್ದವು. ಅದೇ ವರ್ಷದ ಮೇ ತಿಂಗಳಲ್ಲಿ ಸೇತುವೆಯನ್ನು ತಪಾಸಣೆ ಮಾಡಲಾಗಿತ್ತು, ಸಂಚಾರಕ್ಕೆ ಅಪಾಯವೇನೂ ಕಂಡಿರಲಿಲ್ಲ ಎಂದು ಸರ್ಕಾರವೇ ಆಮೇಲೆ ಹೇಳಿತು. ಬ್ರಿಟಿಷರ ಗಾರೆಯ ಮಹಿಮೆ ಹಾಡುವವರ ನೆನಪಿನಲ್ಲಿ ಸಾವಿತ್ರಿಗೆ ಯಾಕೋ ಜಾಗವಿಲ್ಲ.

ಕರ್ನಾಟಕದಲ್ಲಿ ಈ ವಾದಕ್ಕೆ ಸಾಕ್ಷಿಯಾಗಿ ಹೆಚ್ಚಾಗಿ ತೋರಿಸುವುದು ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು. ಹೆಸರು ಗವರ್ನರ್ ಜನರಲ್‌ನದು, ಕಟ್ಟಿಸಿದವರು ಮಾತ್ರ ಮೈಸೂರಿನ ದಿವಾನ ಪೂರ್ಣಯ್ಯ; 1804ರಲ್ಲಿ ಮುಗಿದ ಕೆಲಸ. ಇನ್ನೂರು ವರ್ಷ ದಾಟಿಯೂ ಕಲ್ಲುಕಂಬಗಳು ನಿಂತಿರುವುದು ನಿಜ. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಒಂದೇ ಒಂದು ಲಾರಿ ಇಂದು ಅದರ ಮೇಲೆ ಹೋಗುವುದಿಲ್ಲ. ಎತ್ತಿನ ಗಾಡಿ ಮತ್ತು ಕುದುರೆಯ ಕಾಲಕ್ಕೆ ಕಟ್ಟಿದ ಸೇತುವೆಯನ್ನು ಭಾರದಿಂದ ಬಿಡುಗಡೆ ಮಾಡಿ ನಿಲ್ಲಿಸಿ, ನೋಡಿ ಎಷ್ಟು ಗಟ್ಟಿ ಎನ್ನುವುದು ಯಾವ ನ್ಯಾಯ? ಕಾವೇರಿಯ ಅದೇ ಹರಿವಿನಲ್ಲಿ ಕೆಳಗಿಳಿದರೆ ಶಿವನಸಮುದ್ರದಲ್ಲೂ ಅಂಥದೇ ಹಳೆಯ ಕಲ್ಲುಸೇತುವೆ ಇದೆ. 2018ರ ಪ್ರವಾಹ ಅದರ ಒಂದು ಭಾಗವನ್ನು ಎಳೆದುಕೊಂಡು ಹೋಯಿತು.

ಹಳೆಯ ಕಾಲದ ಸೇತುವೆಗಳಲ್ಲಿ ಇಂದು ಕಣ್ಣಿಗೆ ಬೀಳುವುದು ಉಳಿದವು ಮಾತ್ರ. ನೆರೆಗೆ ಸಿಕ್ಕಿ ಹೋದವು, ಬಿರುಕು ಬಿಟ್ಟು ಸದ್ದಿಲ್ಲದೆ ಕೆಡವಿಸಿಕೊಂಡವು ಯಾರ ಫೋಟೋದಲ್ಲೂ ಇಲ್ಲ. ಉಳಿದವನ್ನಷ್ಟೇ ಎಣಿಸಿ ಹಿಂದಿನವರೆಲ್ಲ ಗಟ್ಟಿಗರು ಎನ್ನುವ ಲೆಕ್ಕದಲ್ಲಿ ಹಿಂದಿನವರು ಎಂದೂ ಸೋಲುವುದಿಲ್ಲ.

ಇನ್ನು ಉಳಿದವು ಯಾಕೆ ಉಳಿದವು ಎಂದು ನೋಡೋಣ. ಭಾರತೀಯ ರೈಲ್ವೆಯಲ್ಲಿ ನೂರು ವರ್ಷ ದಾಟಿದ ಸೇತುವೆಗಳ ಸಂಖ್ಯೆ 35 ಸಾವಿರಕ್ಕೂ ಹೆಚ್ಚು. ಎಲ್ಲವೂ ಬ್ರಿಟಿಷರ ಕಾಲದವೇ. ಅವುಗಳ ಮೇಲೆ ಇಂದಿಗೂ ದಿನನಿತ್ಯ ರೈಲು ಓಡುತ್ತದೆ. ಆದರೆ ರೈಲ್ವೆ ತನ್ನ ಪ್ರತಿ ಸೇತುವೆಯನ್ನು ವರ್ಷಕ್ಕೆ ಎರಡು ಸಲ ನೋಡುತ್ತದೆ: ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ವಿವರವಾಗಿ. ಪ್ರತಿಯೊಂದಕ್ಕೂ ನಂಬರು, ದಾಖಲೆ ಪುಸ್ತಕ, ಸ್ಥಿತಿಗೆ ತಕ್ಕ ದರ್ಜೆ ಇದೆ. ದರ್ಜೆ ಕುಸಿದರೆ ರೈಲಿನ ವೇಗ ಇಳಿಸುತ್ತಾರೆ, ರಿಪೇರಿಗೆ ಹಣ ತೆಗೆದಿಡುತ್ತಾರೆ. ಪಾಂಬನ್ನಿನ ಹಳೆಯ ರೈಲು ಸೇತುವೆ 1914ರದು. ಕಬ್ಬಿಣವನ್ನು ಕಬಳಿಸುವ ಉಪ್ಪುಗಾಳಿಯ ನಡುವೆ, 1964ರ ಡಿಸೆಂಬರಿನ ಚಂಡಮಾರುತದಲ್ಲಿ ಮುರಿದು ಮತ್ತೆ ಎದ್ದು, 2022ರವರೆಗೆ ಅದು ರೈಲು ಹೊತ್ತಿತು. ಅದನ್ನು ಅಲ್ಲಿಯವರೆಗೆ ಹಿಡಿದು ನಿಲ್ಲಿಸಿದ್ದು ಬಣ್ಣ ಬಳಿಯುವವರು, ರಿವೆಟ್ ಬದಲಿಸುವವರು, ತುಕ್ಕು ಕೆರೆಯುವವರು. ಬ್ರಿಟಿಷರ ಕಾಲದ ಎಂಜಿನಿಯರನ ಪುಣ್ಯ ಅಷ್ಟು ದಿನ ಬಾಳಿಕೆ ಬರುವ ವಸ್ತುವಲ್ಲ.

ಹೌರಾ ಸೇತುವೆಯ ಕಥೆ ಇನ್ನೂ ಸ್ವಾರಸ್ಯದ್ದು. 1943ರ ಆ ಉಕ್ಕಿನ ಸೇತುವೆಯ ತೂಗುಕಂಬಗಳ ಬುಡವನ್ನು ಸವೆಸಿದ್ದು ನದಿಯೂ ಅಲ್ಲ, ಭಾರವೂ ಅಲ್ಲ. ಪಾನ್ ಮತ್ತು ಗುಟ್ಕಾದ ಉಗುಳು. ಬುಡದ ಲೋಹದ ಹೊದಿಕೆ ಅರ್ಧದಷ್ಟು ತೆಳುವಾದದ್ದು ತಪಾಸಣೆಯಲ್ಲಿ ಗೊತ್ತಾಯಿತು, ಫೈಬರ್‌ಗ್ಲಾಸಿನ ಕವಚ ತೊಡಿಸಿದರು. ಯಾರೋ ಬಗ್ಗಿ ನೋಡಿದ್ದರಿಂದ ಗೊತ್ತಾಯಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಎರಡನೆಯದು ಭ್ರಷ್ಟಾಚಾರದ ವಾದ. ಕಳಪೆ ಕಾಮಗಾರಿ ಕಟ್ಟುಕಥೆ ಎಂದು ಯಾರೂ ಹೇಳುವಂತಿಲ್ಲ. ಕೊಚ್ಚಿಯ ಪಾಲಾರಿವಟ್ಟಂ ಮೇಲ್ಸೇತುವೆ 2016ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ಮೂರು ವರ್ಷ ತುಂಬುವ ಮೊದಲೇ, 2019ರ ಮೇ ತಿಂಗಳಲ್ಲಿ ಮುಚ್ಚಿತು. ಬಿಹಾರದಲ್ಲಿ ಗಂಗೆಗೆ ಕಟ್ಟುತ್ತಿದ್ದ ಅಗುವಾನಿ–ಸುಲ್ತಾನ್‌ಗಂಜ್ ಸೇತುವೆ ಮುಗಿಯುವ ಮೊದಲೇ ಒಂದಕ್ಕಿಂತ ಹೆಚ್ಚು ಸಲ ಕುಸಿಯಿತು. ಇಂಥಲ್ಲಿ ಕಟ್ಟಿದವರ ಕೊರಳಪಟ್ಟಿ ಹಿಡಿಯಲೇಬೇಕು. ಆದರೆ ಕಳಪೆ ಕೆಲಸ ಸಾಮಾನ್ಯವಾಗಿ ಬೇಗ ಮುಖ ತೋರಿಸುತ್ತದೆ: ಕಟ್ಟುವಾಗ, ಇಲ್ಲವೇ ಮೊದಲ ಕೆಲವು ಮಳೆಗಾಲಗಳಲ್ಲಿ. ಮೂವತ್ತು, ನಲವತ್ತು, ಐವತ್ತು ವರ್ಷ ಲಾರಿ–ಬಸ್ಸು ಹೊತ್ತು ಆಮೇಲೆ ಬಿದ್ದ ಸೇತುವೆಯ ಮುಂದೆ ನಿಂತು ಮೂಲ ಕಂಟ್ರಾಕ್ಟರನನ್ನು ಹುಡುಕುವುದು ಬರೀ ನೆಪ.

ಭ್ರಷ್ಟಾಚಾರದ ವಾದಿಗಳು ಎಲ್ಲಕ್ಕಿಂತ ಹೆಚ್ಚು ಹೆಸರೆತ್ತುವುದು ಬಿಹಾರದ 2024ರ ಸರಣಿಯನ್ನು. ಆ ಜೂನ್–ಜುಲೈನ ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಸೇತುವೆಗಳು ಬಿದ್ದವು, ದೇಶವೇ ನಕ್ಕಿತು. ನಗುವಿನ ನಡುವೆ ಒಂದು ಸಂಗತಿ ಮುಳುಗಿಹೋಯಿತು. ಸಿವಾನ್ ಮತ್ತು ಸಾರಣ್ ಜಿಲ್ಲೆಗಳಲ್ಲಿ ಬಿದ್ದವುಗಳಲ್ಲಿ ಹಲವು ದಶಕಗಳ ಹಿಂದಿನ ಚಿಕ್ಕ ಸೇತುವೆಗಳು. ಅಲ್ಲಿನ ನದಿಗಳಲ್ಲಿ ಹೂಳೆತ್ತುವ ಕೆಲಸ ನಡೆದಿತ್ತು. ಹೂಳೆತ್ತುವವರು ಸೇತುವೆಯ ಕಂಬಗಳ ಬುಡಕ್ಕೆ ರಕ್ಷಣೆ ಕೊಡುವುದನ್ನು ಮರೆತಿದ್ದರು. ಅಮಾನತಾದ ಎಂಜಿನಿಯರ್‌ಗಳಲ್ಲಿ ಹಲವರು ಸೇತುವೆ ಕಟ್ಟಿದ ಇಲಾಖೆಯವರಲ್ಲ, ಜಲಸಂಪನ್ಮೂಲ ಇಲಾಖೆಯವರು.

ಕಂಬದ ಬುಡದ ಮಣ್ಣು ಹೋಗುವುದೇ ಸೇತುವೆಗೆ ಬರುವ ದೊಡ್ಡ ಕಂಟಕ. ಅದಕ್ಕೆ ಕರ್ನಾಟಕ ಬಿಹಾರದತ್ತ ನೋಡಬೇಕಾಗಿಲ್ಲ, ದಕ್ಷಿಣ ಕನ್ನಡದ ಫಲ್ಗುಣಿ ನದಿ ಸಾಕು. 2018ರ ಜೂನ್ 25ರಂದು ಆ ನದಿಯ ಮೂಲರಪಟ್ಣ ಸೇತುವೆ ಮುರಿದುಬಿತ್ತು. ಕಟ್ಟಿ ಮೂರು ದಶಕ ಕಳೆದಿತ್ತಷ್ಟೆ. ಮೂರು ವರ್ಷದ ಬಳಿಕ, 2021ರ ಜೂನ್‌ನಲ್ಲಿ, ಅದೇ ನದಿಯ ಮರವೂರು ಸೇತುವೆಯ ಕಂಬ ಕುಸಿದು ಮಂಗಳೂರು ನಗರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯೇ ಬಂದಾಯಿತು. ಎರಡೂ ಸಲ ಊರವರ ಬೆರಳು ತೋರಿದ್ದು ಒಂದೇ ಕಡೆ: ಮರಳು. ಸೇತುವೆಯ ಆಸುಪಾಸು ಮರಳು ತೆಗೆಯಬಾರದು ಎಂಬ ನಿಯಮ ಇದೆ. ಹಗಲು ನಿಯಮ, ರಾತ್ರಿ ದೋಣಿ. ನದಿಯ ತಳ ಆಳವಾದಂತೆಲ್ಲ ಕಂಬದ ಬುಡ ಬಯಲಾಗುತ್ತದೆ. ಮಳೆಗಾಲದ ಮೊದಲ ಜೋರು ನೀರು ಉಳಿದ ಕೆಲಸ ಮಾಡುತ್ತದೆ. ಕಟ್ಟಿದ ಗುತ್ತಿಗೆದಾರ ಎಷ್ಟೇ ಪ್ರಾಮಾಣಿಕನಾಗಿದ್ದರೂ ಈ ಸೇತುವೆಗಳನ್ನು ಉಳಿಸುವ ದಾರಿ ಅವನ ಕೈಯಲ್ಲಿರಲಿಲ್ಲ. ತಹಸೀಲ್ದಾರರ, ಗಣಿ ಇಲಾಖೆಯ, ಪೊಲೀಸ್ ಠಾಣೆಯ ಕೈಯಲ್ಲಿತ್ತು.

ಎರಡನೆಯ ಕಂಟಕ ಮೇಲಿನಿಂದ ಇಳಿಯುವ ನೀರು. ಸೇತುವೆಯ ಮೇಲೆ ಬಿದ್ದ ಮಳೆ ಹರಿದುಹೋಗಲು ಅಂಚಿನುದ್ದಕ್ಕೂ ಕೊಳವೆಗಳಿರುತ್ತವೆ. ಮಣ್ಣು, ಜಲ್ಲಿಪುಡಿ, ಪ್ಲಾಸ್ಟಿಕ್ ಸೇರಿ ಒಂದೆರಡು ವರ್ಷದಲ್ಲಿ ಅವು ಕಟ್ಟಿಕೊಳ್ಳುತ್ತವೆ. ನಿಂತ ನೀರು ಎರಡು ಸ್ಪ್ಯಾನ್‌ಗಳ ನಡುವಿನ ಜಾಯಿಂಟ್ ಹುಡುಕಿ, ಹರಿದ ರಬ್ಬರಿನ ಸಂದಿಯಿಂದ ಕೆಳಗಿಳಿದು, ಗರ್ಡರಿನ ತುದಿಯನ್ನೂ ಅದು ಕೂತ ಬೇರಿಂಗನ್ನೂ ನೆನೆಸುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಊದಿಕೊಳ್ಳುತ್ತದೆ. ಊದಿಕೊಂಡ ಸರಳು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸೀಳಿನಲ್ಲಿ ಇನ್ನಷ್ಟು ನೀರು. ಕರಾವಳಿಯಲ್ಲಾದರೆ ಅದರ ಜೊತೆ ಉಪ್ಪು. ಬೇರಿಂಗ್ ಬಿಗಿದುಕೊಂಡರೆ ಬಿಸಿಲಿಗೆ ಹಿಗ್ಗುವ, ತಂಪಿಗೆ ಕುಗ್ಗುವ ಗರ್ಡರಿಗೆ ಜರುಗಲು ದಾರಿಯಿಲ್ಲ. ಆ ಒತ್ತಡವೆಲ್ಲ ಕಂಬದ ತಲೆಗೆ. ಇಷ್ಟರಲ್ಲಿ ಕೈಪಿಡಿಯ ಸಂದಿಯಲ್ಲಿ ಹಕ್ಕಿ ಬಿಟ್ಟ ಬೀಜದಿಂದ ಒಂದು ಅಶ್ವತ್ಥದ ಗಿಡವೂ ಎದ್ದಿರುತ್ತದೆ. ಮಲೆನಾಡಿನ ಮನೆಯವರು ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಂತೆ ಮೇ ತಿಂಗಳಲ್ಲಿ ಈ ಕೊಳವೆಗಳಿಗೆ ಒಬ್ಬ ಕೂಲಿಯಾಳು ಸಲಾಕೆ ಹಾಕಿದರೆ ಅರ್ಧ ರೋಗ ತಪ್ಪುತ್ತದೆ. ಅದರ ಖರ್ಚು ಉದ್ಘಾಟನಾ ಸಮಾರಂಭದ ಪೆಂಡಾಲಿನ ಬಾಡಿಗೆಗಿಂತ ಕಡಿಮೆ.

ಗೋವಾದ ಪಣಜಿಯಲ್ಲಿ ಮಾಂಡೋವಿ ನದಿಯ ಮೊದಲ ಸೇತುವೆ 1986ರ ಜುಲೈ 5ರಂದು ಕುಸಿದದ್ದು ಹೀಗೆಯೇ. ಕಾಂಕ್ರೀಟನ್ನು ಬಿಗಿದು ಹಿಡಿದಿದ್ದ ಉಕ್ಕಿನ ತಂತಿಗಳು ತುಕ್ಕು ಹಿಡಿದಿದ್ದವು. ಗುಜರಾತಿನ ಮೊರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು 135 ಜನರನ್ನು ಬಲಿ ತೆಗೆದುಕೊಂಡ ತೂಗುಸೇತುವೆಯ ಒಂದು ಕೇಬಲ್‌ನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು ಎಂದು ತನಿಖಾ ತಂಡ ಹೇಳಿತು. ನವೀಕರಣ ಮುಗಿಸಿ ತೆರೆದು ನಾಲ್ಕು ದಿನವಾಗಿತ್ತು. ನವೀಕರಣವೆಂದರೆ ನೆಲಹಾಸು ಹೊಸದು, ಬಣ್ಣ ಹೊಸದು; ಭಾರ ಹೊರುವ ಕೇಬಲ್ ಮಾತ್ರ ಹಳೆಯದೇ. ಅದೇ ಗುಜರಾತಿನಲ್ಲಿ 2025ರ ಜುಲೈ 9ರಂದು ಮಹಿಸಾಗರ ನದಿಯ ಗಂಭೀರಾ ಸೇತುವೆ ಮುರಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಡೋದರಾ ಮತ್ತು ಆಣಂದ್ ಜಿಲ್ಲೆಗಳನ್ನು ಸೇರಿಸುವ ರಾಜ್ಯ ಹೆದ್ದಾರಿಯ ಸೇತುವೆ ಅದು, 1985ರದ್ದು. ಗರ್ಡರು ಕೂತ ಪೀಠವೂ ಸ್ಪ್ಯಾನ್‌ಗಳು ಕೂಡುವ ಜಾಗವೂ ಜಜ್ಜಿಹೋಗಿದ್ದವು ಎಂದು ಸರ್ಕಾರವೇ ಒಪ್ಪಿಕೊಂಡಿತು. ಸೇತುವೆ ಅಲುಗಾಡುತ್ತಿದೆ ಎಂದು ಸ್ಥಳೀಯರು ವರ್ಷಗಳ ಹಿಂದೆಯೇ ದೂರಿದ್ದರು.

ಮೂರನೆಯ ಕಂಟಕ ಭಾರ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಸರಕು ವಾಹನಗಳ ಭಾರದ ಮಿತಿಯನ್ನು ಏರಿಸಿತು. ನಾಲ್ಕು ಚಕ್ರದ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಲಾರಿ ಮಾಲೀಕರು ಸ್ವಾಗತಿಸಿದರು, ಸಾಗಣೆ ಖರ್ಚು ಇಳಿಯುತ್ತದೆ ಎಂದು ಪತ್ರಿಕೆಗಳು ಬರೆದವು. ಎಪ್ಪತ್ತು, ಎಂಬತ್ತರ ದಶಕದ ಲೆಕ್ಕಾಚಾರದಲ್ಲಿ ಕಟ್ಟಿದ ಸೇತುವೆಗಳ ಅಭಿಪ್ರಾಯ ಯಾರೂ ಕೇಳಲಿಲ್ಲ. ಕಾಗದದ ಮೇಲಿನ ಮಿತಿಯೇ ಇಷ್ಟಾದರೆ ಮರಳು, ಅದಿರು, ಜಲ್ಲಿ ತುಂಬಿದ ಲಾರಿಗಳ ನಿಜವಾದ ತೂಕ ಚೆಕ್‌ಪೋಸ್ಟಿನವರಿಗೇ ಗೊತ್ತು. ಭಾರ ಹೆಚ್ಚಿಸುವುದು ಲಾರಿ ಮಾತ್ರವಲ್ಲ, ರಿಪೇರಿಯೂ ಹೌದು. ಕೋಲ್ಕತ್ತದ ಮಾಜೇರ್‌ಹಾಟ್ ಸೇತುವೆ 2018ರ ಸೆಪ್ಟೆಂಬರ್ 4ರಂದು ಕುಸಿದಾಗ, ಗುಂಡಿ ಮುಚ್ಚಲೆಂದು ವರ್ಷ ವರ್ಷ ಒಂದರ ಮೇಲೊಂದು ಹಾಕಿದ ಡಾಂಬರಿನ ಪದರಗಳ ತೂಕವೂ ಕಾರಣಗಳಲ್ಲೊಂದು ಎಂದು ತೇಲಿಬಂತು. ಹಳೆಯ ಪದರ ಕೆರೆಯದೆ ಹೊಸದು ಹಾಕುವುದು ಇಲ್ಲಿನ ಇಲಾಖೆಗಳಿಗೂ ಚೆನ್ನಾಗಿ ಗೊತ್ತಿರುವ ವಿದ್ಯೆ.

ಇಷ್ಟೆಲ್ಲದರಲ್ಲಿ ಮರಳುಗಳ್ಳತನವಿದೆ, ಕಟ್ಟಿಕೊಂಡ ಕೊಳವೆಯಿದೆ, ಬಿಗಿದ ಬೇರಿಂಗ್ ಇದೆ, ಹೆಚ್ಚುವರಿ ಡಾಂಬರಿದೆ, ಓದದ ದೂರಿನ ಅರ್ಜಿಯಿದೆ. ಲಂಚವೂ ಇದೆ, ಆದರೆ ಸೇತುವೆಯನ್ನು ಬೀಳಿಸುವ ಲಂಚದ ದೊಡ್ಡ ಪಾಲು ಕಟ್ಟುವಾಗ ಕೊಟ್ಟದ್ದಲ್ಲ, ಆಮೇಲಿನ ವರ್ಷಗಳಲ್ಲಿ ಕಣ್ಣು ಮುಚ್ಚಿಕೊಳ್ಳಲು ಕೊಟ್ಟದ್ದು.

ಕರ್ನಾಟಕದಲ್ಲಿ ಒಂದು ಸೇತುವೆಗೆ ಯಜಮಾನ ಯಾರು ಎಂದು ಕೇಳಿದರೆ ಉತ್ತರ ಊರಿಗೊಂದು. ರಾಷ್ಟ್ರೀಯ ಹೆದ್ದಾರಿಯದಾದರೆ ಹೆದ್ದಾರಿ ಪ್ರಾಧಿಕಾರ ಅಥವಾ ಟೋಲ್ ವಸೂಲಿ ಮಾಡುವ ಕಂಪನಿ, ರಾಜ್ಯ ಹೆದ್ದಾರಿಯದು ಲೋಕೋಪಯೋಗಿ ಇಲಾಖೆ, ಹಳ್ಳಿ ರಸ್ತೆಯದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ಬ್ಯಾರೇಜಿನ ಮೇಲಿನದು ನೀರಾವರಿ ನಿಗಮ, ಊರೊಳಗಿನದು ಪಾಲಿಕೆ. ಸೇತುವೆ ಬಿದ್ದ ದಿನ ಪ್ರತಿಯೊಬ್ಬರ ಬಳಿಯೂ ಇನ್ನೊಬ್ಬರ ಹೆಸರಿರುತ್ತದೆ. ಕಾಳಿ ಸೇತುವೆ ಬಿದ್ದ ಮೂರೇ ದಿನಕ್ಕೆ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಒಂದು ಸೇತುವೆ, ಒಂದು ಅಣೆಕಟ್ಟೆ. ಕಟ್ಟಿದ ಕಾಲ ಬೇರೆ, ಕಟ್ಟಿದವರು ಬೇರೆ, ಇಲಾಖೆ ಬೇರೆ. ಎರಡನ್ನೂ ಕಾಡಿದ ಪ್ರಶ್ನೆ ಮಾತ್ರ ಒಂದೇ: ಕೊನೆಯ ಸಲ ಇದನ್ನು ಸರಿಯಾಗಿ ನೋಡಿದ್ದು ಯಾರು, ಯಾವಾಗ?

ನೋಡುವ ವಿಧಾನ ಗೊತ್ತಿಲ್ಲ ಎನ್ನುವಂತಿಲ್ಲ. ಸೇತುವೆ ತಪಾಸಣೆ ಹೇಗೆ, ಎಷ್ಟು ದಿನಕ್ಕೊಮ್ಮೆ, ಯಾವ ಭಾಗವನ್ನು ಕೈ ಮುಟ್ಟಿ ನೋಡಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ದಶಕಗಳ ಹಿಂದೆಯೇ ಪುಸ್ತಕ ಬರೆದಿದೆ. 2016ರಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯ ದೇಶದ ಸೇತುವೆಗಳ ಲೆಕ್ಕ ಹಿಡಿಯುವ ವ್ಯವಸ್ಥೆ ಆರಂಭಿಸಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಸೇತುವೆ–ಮೋರಿಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ 147ಕ್ಕೆ ತುರ್ತು ಗಮನ ಬೇಕು ಎಂದು ಸಚಿವರು ಪ್ರಕಟಿಸಿದ್ದೂ ಆಯಿತು. ಪುಸ್ತಕವಿದೆ, ಪಟ್ಟಿಯಿದೆ. ಕೊರತೆ ಇರುವುದು ಪಟ್ಟಿಯಲ್ಲಿ ಕಂಡದ್ದಕ್ಕೆ ಹಣ ಹೊಂದಿಸಿ ಕೆಲಸ ಮುಗಿಸುವ ಹೊಣೆಯಲ್ಲಿ.

ಆ ಹೊಣೆ ಯಾಕೆ ಅನಾಥವಾಗಿದೆ ಎಂದರೆ ರಾಜಕೀಯಕ್ಕೆ ಅದರಿಂದ ಲಾಭವಿಲ್ಲ. ಹೊಸ ಸೇತುವೆಗೆ ಗುದ್ದಲಿ ಪೂಜೆ ಇದೆ, ಹೆಸರಿನ ಕಲ್ಲಿದೆ, ರಿಬ್ಬನ್ನಿದೆ, ಫ್ಲೆಕ್ಸ್ ಇದೆ. ಬೇರಿಂಗ್ ಬದಲಿಸಿದ್ದಕ್ಕೆ ಯಾವ ಶಾಸಕರೂ ಫ್ಲೆಕ್ಸ್ ಕಟ್ಟಿಸಿದ್ದಿಲ್ಲ. ಬಜೆಟ್ ಭಾಷಣದಲ್ಲಿ ಹೊಸ ಕಾಮಗಾರಿಗೆ ಮೇಜು ಕುಟ್ಟುತ್ತಾರೆ. ನಿರ್ವಹಣೆಯ ಲೆಕ್ಕಶೀರ್ಷಿಕೆ ಬಂದಾಗ ಸದನ ಕಾಫಿಗೆ ಎದ್ದಿರುತ್ತದೆ. ಆ ಶೀರ್ಷಿಕೆಗೆ ಬಂದ ಹಣದಲ್ಲೂ ಮೊದಲ ಪಾಲು ರಸ್ತೆಗುಂಡಿಗೆ, ಏಕೆಂದರೆ ಗುಂಡಿ ಕಾಣುತ್ತದೆ, ಬೈಸುತ್ತದೆ. ಸೇತುವೆಯ ಹೊಟ್ಟೆಯಡಿಯ ಬಿರುಕು ಕಾಣುವುದು ಮೀನು ಹಿಡಿಯುವವರಿಗೆ ಮಾತ್ರ.

ಹೊಸದು ಕಟ್ಟುವುದೇ ಮದ್ದು ಎನ್ನುವವರು ಗಂಭೀರಾ ಸೇತುವೆಯನ್ನು ಇನ್ನೊಮ್ಮೆ ನೋಡಬೇಕು. ಅಲ್ಲಿ ಹೊಸ ಸೇತುವೆಗೆ ಸುಮಾರು 212 ಕೋಟಿ ರೂಪಾಯಿ ಮಂಜೂರಾಗಿತ್ತು. ಹೊಸದು ಬರುತ್ತದಲ್ಲ ಎಂಬ ನೆಮ್ಮದಿಯಲ್ಲಿ ಹಳೆಯದರ ಮೇಲೆ ವಾಹನ ಓಡುತ್ತಲೇ ಇತ್ತು. ಕಾಳಿಯಲ್ಲಂತೂ ಹೊಸ ಸೇತುವೆ ಪಕ್ಕದಲ್ಲೇ ನಿಂತಿತ್ತು. ಎರಡೂ ಕಡೆ ಹೊಸ ಸೇತುವೆ ಹಳೆಯದನ್ನು ಉಳಿಸಲಿಲ್ಲ. ಅದರ ಕಡೆ ನೋಡದಿರಲು ಇನ್ನೊಂದು ಕಾರಣ ಕೊಟ್ಟಿತು ಅಷ್ಟೆ. ಸಾವಿತ್ರಿಯ ಹೊಸ ಸೇತುವೆಯನ್ನು 165 ದಿನಗಳಲ್ಲಿ ಕಟ್ಟಿ ಮುಗಿಸಿದ್ದನ್ನು ಸಾಧನೆಯೆಂದು ಮೆರೆಸಿದರು. ಸಾಧನೆಯೇ ಹೌದು. ಅಷ್ಟು ಶಕ್ತಿಯುಳ್ಳ ಸರ್ಕಾರಕ್ಕೆ ಹಳೆಯ ಸೇತುವೆಗೆ ನೆರೆಯ ರಾತ್ರಿ ಅಡ್ಡಗಟ್ಟೆ ಹಾಕುವ ಇಬ್ಬರು ಕಾವಲುಗಾರರನ್ನು ಇಡಲಾಗಲಿಲ್ಲ ಎಂಬುದೂ ಅದೇ ಸಾಧನೆಯ ಇನ್ನೊಂದು ಮುಖ. ಇಂದು ಕಟ್ಟುವ ಪ್ರತಿ ಹೊಸ ಸೇತುವೆಯೂ ಮೂವತ್ತು ವರ್ಷದಲ್ಲಿ ಹಳೆಯದಾಗುತ್ತದೆ. ನೋಡಿಕೊಳ್ಳಲು ಬಾರದವರು ಇನ್ನಷ್ಟು ಕಟ್ಟಿಕೊಂಡರೆ ನೋಡಿಕೊಳ್ಳದ ಸೇತುವೆಗಳ ಸಂಖ್ಯೆ ಹೆಚ್ಚುತ್ತದೆ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ಬೆಂಗಳೂರಿನಲ್ಲೇ ಇದೆ. ಅದನ್ನು ಜನ ಬೈಗುಳದ ಜೊತೆಗೇ ನೆನೆಯುತ್ತಾರೆ. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆ 2010ರದ್ದು, ಉದ್ದ ನಾಲ್ಕು ಕಿಲೋಮೀಟರಿಗೂ ಹೆಚ್ಚು. 2021ರ ಡಿಸೆಂಬರ್ 25ರಂದು 102 ಮತ್ತು 103ನೇ ಕಂಬಗಳ ನಡುವೆ ಬಿಗಿಕೇಬಲ್‌ಗಳು ತುಕ್ಕು ಹಿಡಿದು ಸಡಿಲಗೊಂಡದ್ದು ಪತ್ತೆಯಾಗಿ ಅದನ್ನು ಮುಚ್ಚಿದರು. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಪರೀಕ್ಷೆ ಮಾಡಿದರು. 2022ರ ಫೆಬ್ರುವರಿಯಲ್ಲಿ ಸಣ್ಣ ವಾಹನಗಳಿಗೆ ಬಿಟ್ಟು, ಲಾರಿ–ಬಸ್ಸುಗಳನ್ನು 2024ರ ಜುಲೈ ಕೊನೆಯವರೆಗೂ ತಡೆದರು. 120 ಸ್ಪ್ಯಾನ್‌ಗಳಲ್ಲಿ ಖಾಲಿಯಿದ್ದ ಜಾಗಗಳಿಗೆ 240 ಹೊಸ ಕೇಬಲ್ ಹಾಕಿದ ಮೇಲೆ ಭಾರಿ ವಾಹನಗಳಿಗೆ ಅನುಮತಿ ಸಿಕ್ಕಿತು. ಆಮೇಲೂ ವಾರದಲ್ಲಿ ಒಂದು ದಿನ ಅವುಗಳಿಗೆ ನಿಷೇಧ. ಹತ್ತೇ ವರ್ಷಕ್ಕೆ ಕೇಬಲ್ ಸಡಿಲವಾದದ್ದು ನಾಚಿಕೆಗೇಡು. ಅದಕ್ಕೆ ಹೊಣೆಗಾರರನ್ನು ಹುಡುಕಲೇಬೇಕು. ಆದರೆ ಅಲ್ಲಿ ಒಬ್ಬರೂ ಸಾಯಲಿಲ್ಲ, ಏಕೆಂದರೆ ಯಾರೋ ಒಳಗೆ ಇಳಿದು ನೋಡಿದರು, ಯಾರೋ ಮುಚ್ಚುವ ಧೈರ್ಯ ಮಾಡಿದರು. ಎರಡೂವರೆ ವರ್ಷ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ನಗರ ಮುಚ್ಚಿದವರಿಗೆ ಶಾಪ ಹಾಕಿತು. ಗಂಭೀರಾದಲ್ಲಿ ಮುಚ್ಚದವರಿಗೂ ದೇಶ ಶಾಪ ಹಾಕಿತು. ಎರಡು ಶಾಪಗಳ ನಡುವೆ ಸಿಕ್ಕ ಎಂಜಿನಿಯರ್ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದು ಕಷ್ಟದ ಲೆಕ್ಕವಲ್ಲ. ಸೇತುವೆ ಮುಚ್ಚಿದರೆ ಬೈಗುಳ ನಾಳೆಯೇ ಬರುತ್ತದೆ. ಮುಚ್ಚದಿದ್ದರೆ ಅದು ಬೀಳುವಷ್ಟರಲ್ಲಿ ಆತನಿಗೆ ವರ್ಗವಾಗಿರುತ್ತದೆ.

ತಪಾಸಣೆ ಎಂಬ ಶಬ್ದವನ್ನೇ ಮಂತ್ರ ಮಾಡಿಕೊಂಡರೂ ಸಾಲದು. ಅಮೆರಿಕದಲ್ಲಿ 1967ರ ಡಿಸೆಂಬರ್ 15ರಂದು ಓಹಾಯೋ ನದಿಯ ಸಿಲ್ವರ್ ಬ್ರಿಜ್ ಬಿದ್ದು 46 ಜನ ಸತ್ತ ಮೇಲೆ ದೇಶದ ಹೆದ್ದಾರಿ ಸೇತುವೆಗಳನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡುವ ನಿಯಮ ಬಂತು; ಆ ಮಾಹಿತಿಯನ್ನು ಅಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ಹಾಗಿದ್ದೂ 2022ರ ಜನವರಿ 28ರಂದು ಪಿಟ್ಸ್‌ಬರ್ಗಿನ ಫರ್ನ್ ಹಾಲೊ ಸೇತುವೆ ಬಿತ್ತು. ಮೂಲಸೌಕರ್ಯದ ಬಗ್ಗೆ ಭಾಷಣ ಮಾಡಲು ಅಧ್ಯಕ್ಷ ಬೈಡನ್ ಅದೇ ದಿನ ಅದೇ ಊರಿಗೆ ಬರುವವರಿದ್ದರು. ತನಿಖೆಯಲ್ಲಿ ತಿಳಿದದ್ದು ಇಷ್ಟು: ನೀರಿನ ಕೊಳವೆಗಳು ಕಟ್ಟಿಕೊಂಡು ಉಕ್ಕಿನ ಕಾಲುಗಳು ತುಕ್ಕು ತಿಂದಿವೆ ಎಂದು ತಪಾಸಣೆಯವರು ವರ್ಷಗಟ್ಟಲೆ ಬರೆದಿದ್ದರು, ನಗರಾಡಳಿತ ಓದಿ ಇಟ್ಟುಕೊಂಡಿತ್ತು. ಅಲ್ಲಿ ಬ್ರಿಟಿಷರನ್ನೂ ಹೊಗಳಲಿಲ್ಲ, 1970ರ ದಶಕದ ಕಂಟ್ರಾಕ್ಟರನನ್ನೂ ಹುಡುಕಲಿಲ್ಲ. ವರದಿ ಬಂದ ಮೇಲೆ ಕೆಲಸ ಮಾಡದವರು ಯಾರು ಎಂದು ಕೇಳಿದರು.

ಕರ್ನಾಟಕವೂ ಕೇಳಬೇಕಾದದ್ದು ಅದನ್ನೇ. ಸೇತುವೆ ನಿರ್ವಹಣೆಗೆ ಬೇರೆ ಕಡೆ ತಿರುಗಿಸಲಾಗದ ಪ್ರತ್ಯೇಕ ಅನುದಾನ ಬೇಕು. ಸೇತುವೆ ಯಾವ ಇಲಾಖೆಯದೇ ಆಗಿರಲಿ, ಅದರ ನಂಬರು, ಕಟ್ಟಿದ ವರ್ಷ, ಕೊನೆಯ ತಪಾಸಣೆಯ ದಿನ, ಹೊರಬಹುದಾದ ಭಾರ, ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಇಷ್ಟನ್ನೂ ಎರಡೂ ತುದಿಯಲ್ಲಿ ಬೋರ್ಡು ಬರೆದು ನಿಲ್ಲಿಸಬೇಕು. ಅಪಾಯ ಕಂಡ ಎಂಜಿನಿಯರಿಗೆ ಜಿಲ್ಲಾಧಿಕಾರಿಯ, ಸಚಿವರ ಅಪ್ಪಣೆಗೆ ಕಾಯದೆ ಸಂಚಾರ ನಿಲ್ಲಿಸುವ ಅಧಿಕಾರವಿರಬೇಕು. ಸೇತುವೆ ಮುಚ್ಚಿದ ಕಾರಣಕ್ಕೆ ಆತನನ್ನು ಎತ್ತಂಗಡಿ ಮಾಡಬಾರದು. ಬೋರ್ಡು ಹಾಕಿದರೆ ಮುಗಿಯಿತು ಎಂದಲ್ಲ. ಪುಣೆ ಬಳಿಯ ಕುಂಡಮಳದಲ್ಲಿ ಇಂದ್ರಾಯಣಿ ನದಿಯ ಕಬ್ಬಿಣದ ಕಾಲುಸೇತುವೆ 2025ರ ಜೂನ್ 15ರಂದು ಬಿದ್ದು ನಾಲ್ವರು ಸತ್ತಾಗ ಅಲ್ಲಿ ಅಪಾಯದ ಫಲಕ ಇತ್ತು, ತಡೆಯುವವರು ಇರಲಿಲ್ಲ. ಸಾಲುಸಾಲು ಕುಸಿತಗಳಿಂದ ನಗೆಪಾಟಲಾದ ಬಿಹಾರವೇ 2025ರಲ್ಲಿ ಸೇತುವೆ ನಿರ್ವಹಣೆಗೆಂದು ಪ್ರತ್ಯೇಕ ನೀತಿ ಮಾಡಿಕೊಂಡು ಐಐಟಿಗಳಿಂದ ತನ್ನ ದೊಡ್ಡ ಸೇತುವೆಗಳ ಪರೀಕ್ಷೆಗೆ ಇಳಿದಿದೆ. ಆ ರಾಜ್ಯವನ್ನು ನೋಡಿ ನಕ್ಕವರದು ಈಗ ಅದರಿಂದ ಕಲಿಯುವ ಸರದಿ.

ಓದುಗರ ಕೈಯಲ್ಲೂ ಒಂದು ಕೆಲಸವಿದೆ. ವಾಟ್ಸಾಪಿನಲ್ಲಿ ಬ್ರಿಟಿಷರನ್ನು ಹೊಗಳುವುದಕ್ಕಿಂತ ಅದು ಹೆಚ್ಚು ಕಷ್ಟದ್ದೇನಲ್ಲ. ತಮ್ಮ ಊರಿನ ಸೇತುವೆಯ ಕೊನೆಯ ಎರಡು ತಪಾಸಣಾ ವರದಿಗಳ ಪ್ರತಿ, ಅದರಲ್ಲಿ ಹೇಳಿದ ರಿಪೇರಿ ಯಾವ ದಿನ ಮುಗಿಯಿತು ಎಂಬ ಮಾಹಿತಿ, ಇಷ್ಟನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕೆಂದು ಕಾನೂನು ಹೇಳುತ್ತದೆ.